ಸರ್ವಮಂಗಳಕ್ಕನ ಕೋವಿ ಅಂಗಡಿ ಮತ್ತು ಆ ಐದನೇ ತೋಟೆ

ಅಲ್ಲ, ಹಾಗಂತ ಸರ್ವಮಂಗಳಕ್ಕನಿಗೆ ಕೋವಿ ಹೊಡೆಯಲು ಬರುವುದಿಲ್ಲ ಎಂದು ತಿಳಿಯಬೇಡಿ ಮತ್ತೆ. ಬರುತ್ತದೆ. ಆದರೆ ಇಷ್ಟು ವರ್ಷದಲ್ಲಿ ಅವರು ಹೊಡೆದಿರುವುದೆಲ್ಲ ಮರಳಿನ ಮೂಟೆಗೆ. ಅದೂ ಹತ್ತು ಹೆಜ್ಜೆ ಹಿಂದೆ, ಕಲ್ಲಿನ ಗೋಡೆಯ ಮರೆಯಲ್ಲಿ ಕೂತು, ಹಗ್ಗ ಎಳೆದು. ಒಂದು ಹಕ್ಕಿಯ ಪುಕ್ಕ ಕೂಡ ಅವರ ಗುಂಡಿಗೆ ಅಲುಗಿಲ್ಲ. ಕೊಡಗಿನಲ್ಲಿ ಕೋವಿ ರಿಪೇರಿ ಮಾಡುವ ಹೆಂಗಸು, ಅದೂ ಮೊಟ್ಟೆಯನ್ನೂ ಮುಟ್ಟದ ಶನಿವಾರಸಂತೆ ಕಡೆಯ ಶಿವಭಕ್ತರ ಮನೆಯವರು ಎಂದರೆ ಯಾರಾದರೂ ನಂಬುತ್ತಾರಾ? ನಾನೂ ನಂಬಿರಲಿಲ್ಲ. ಕಣ್ಣಾರೆ ನೋಡಿದ ಮೇಲೆ ನಂಬಿದೆ.

ಮಡಿಕೇರಿಯ ಬಸ್ ಸ್ಟ್ಯಾಂಡಿನ ಕೆಳಗಿನ ಇಳಿಜಾರಿನಲ್ಲಿ, ಒಂದು ಟೈಲರ್ ಅಂಗಡಿಗೂ ಒಂದು ಹೋಂಮೇಡ್ ಚಾಕೊಲೇಟ್ ಅಂಗಡಿಗೂ ನಡುವೆ ಅವರ ಅಂಗಡಿ ಇದೆ. ಚಾಕೊಲೇಟ್ ಕೊಳ್ಳಲು ಬಂದ ಟೂರಿಸ್ಟುಗಳು ಇಣುಕಿ ನೋಡಿ, "ಮೇಡಂ, ಒಂದು ಗನ್ ಹಿಡ್ಕೊಂಡು ಫೋಟೊ ತೆಗಿಸ್ಕೋಬಹುದಾ?" ಎಂದು ಕೇಳುವುದುಂಟು. ಅಕ್ಕ ಕನ್ನಡಕ ಮೇಲೆ ಸರಿಸಿ, "ಇದು ಆಸ್ಪತ್ರೆ ಕಣಪ್ಪ. ಪೇಷೆಂಟ್ ಜೊತೆ ಯಾರಾದ್ರೂ ಫೋಟೊ ತೆಗಿಸ್ಕತಾರಾ?" ಎನ್ನುತ್ತಾರೆ. ಅಷ್ಟೇ. ಮತ್ತೆ ತಲೆ ಬಗ್ಗಿಸಿ ಅರ ಉಜ್ಜುತ್ತಾರೆ.

ಕೆಲಸ ಕಲಿಸಿದ್ದು ಅವರ ತಂದೆ ಪರಮೇಶಪ್ಪ. ಅವರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡುತ್ತಿದ್ದ ಲೇತ್ ಮೆಕ್ಯಾನಿಕ್. ಎಸ್ಟೇಟಿನವರು ಪಲ್ಪರಿನ ಜೊತೆಗೆ ಒಂದೊಂದೇ ಕೋವಿಯನ್ನೂ ತಂದು ಕೊಡತೊಡಗಿ, ಕಡೆಗೆ ಕೋವಿಯೇ ಕಸುಬಾಯಿತು. ಮಗಳು ಹತ್ತನೇ ಕ್ಲಾಸು ಮುಗಿಸಿ ಲೇತಿನ ಪಕ್ಕ ಬಂದು ನಿಂತಾಗ ತಾಯಿ ಮಹಾದೇವಮ್ಮ ತಲೆ ಚಚ್ಚಿಕೊಂಡರಂತೆ. "ಶಿವಪೂಜೆ ಮಾಡೋ ಕೈಲಿ ಕೋವಿ ಹಿಡಿತೀಯಲ್ಲೇ, ನಿನ್ನ ಯಾರೇ ಮದುವೆ ಆಗ್ತಾರೆ?" ಮಗಳು ಹೇಳಿದ್ದು: "ಕೋವಿ ಇರೋ ಮನೆಗೆ ಯಾರೂ ಬಂದು ಜಗಳ ಆಡಲ್ಲ ಬಿಡವ್ವ." ಮದುವೆ ಆಗಲಿಲ್ಲ. ಅದು ಕೋವಿಯ ತಪ್ಪಲ್ಲ ಎಂದು ಅಕ್ಕ ನಗುತ್ತಾರೆ. ತಂದೆ ತೀರಿಕೊಂಡ ಮೇಲೆ ಲೈಸೆನ್ಸ್ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಎರಡು ವರ್ಷ ಅಲೆದರು. "ಮನೇಲಿ ಗಂಡಸರು ಯಾರೂ ಇಲ್ವಾಮ್ಮ?" ಎಂದು ಕೇಳಿದ ಸಾಹೇಬರ ಮುಂದೆ, ಅವರದೇ ಕಾವಲಿನವನ ಹೆಗಲಲ್ಲಿದ್ದ ಕೋವಿಯ ಸಡಿಲವಾಗಿದ್ದ ಸ್ಕ್ರೂ ತೋರಿಸಿ, ಜಡೆಪಿನ್ನಿನಲ್ಲೇ ಬಿಗಿ ಮಾಡಿ ಕೊಟ್ಟರಂತೆ. ಇದು ನಿಜವೋ, ಅಂಗಡಿಗೆ ಬರುವವರು ಉಪ್ಪುಖಾರ ಹಚ್ಚಿದ್ದೋ ಗೊತ್ತಿಲ್ಲ. ಕೇಳಿದರೆ ಅಕ್ಕ ಹೌದೂ ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ.

ಈಗ ಕುಶಾಲಪ್ಪಣ್ಣನ ವಿಷಯಕ್ಕೆ ಬರುತ್ತೇನೆ.

ಕುಶಾಲಪ್ಪಣ್ಣ ಸಂಪಾಜೆ ಕಡೆಯವರು, ಎಪ್ಪತ್ತೆರಡು ವರ್ಷ, ಮನೆಮಾತು ಅರೆಭಾಷೆ. ಅವರ ಮೊಮ್ಮಗಳು ಗಾನವಿ ನನ್ನ ಕ್ಲಾಸ್‌ಮೇಟ್, ಹಾಗಾಗಿ ಇದೆಲ್ಲ ನನಗೆ ಗೊತ್ತು. ಕಳೆದ ವರ್ಷ ಜೂನ್ ತಿಂಗಳಲ್ಲಿ ಅವರು ಜೀಪಿನಲ್ಲಿ ಬಂದು, ಕಂಬಳಿ ಸುತ್ತಿದ ಉದ್ದನೆಯ ಗಂಟೊಂದನ್ನು ಅಕ್ಕನ ಮೇಜಿನ ಮೇಲೆ ಮಗುವನ್ನು ಮಲಗಿಸುವಂತೆ ಮಲಗಿಸಿದರು. ಒಳಗೆ ಹಳೆಯ ಬೇಟೆ ಕೋವಿ. ಪಕ್ಕದ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ತೋಟೆ ಹಾಕಿ, ಮುಂದಕ್ಕೆ ತಳ್ಳಿ ಮಡಚುವ ಬೋಲ್ಟ್ ಕೋವಿ. ಇಂಗ್ಲಿಷ್ ದೊರೆಯೊಬ್ಬ ಎಸ್ಟೇಟ್ ಮಾರಿ ಊರಿಗೆ ಹೊರಟಾಗ ಕುಶಾಲಪ್ಪಣ್ಣನ ಅಜ್ಜನ ಕೈಗೆ ಕೊಟ್ಟು ಹೋದದ್ದು. ಬೇಟೆಯೆಲ್ಲ ಕಾನೂನಿನಿಂದ ನಿಂತು ಐವತ್ತು ವರ್ಷದ ಮೇಲಾಯಿತು. ಆ ಕೋವಿಗೆ ಹೊಂದುವ ತೋಟೆ ಸಿಗುವುದು ಅದಕ್ಕೂ ಮೊದಲೇ ನಿಂತಿತ್ತು. ತೋಟೆ ಎಂದರೆ ಹಿತ್ತಾಳೆಯ ಕೊಳವೆ, ಒಳಗೆ ಮದ್ದು, ತುದಿಯಲ್ಲಿ ಗುಂಡು. ಪ್ರತಿ ಕೋವಿಗೂ ಅದರದ್ದೇ ಅಳತೆ.

"ಇದು ಬಾಯಿ ಮುಚ್ಚಿ ಅರುವತ್ತು ವರ್ಷ ಆಯ್ತು ಮಂಗಳಮ್ಮ," ಅಂದರು ಕುಶಾಲಪ್ಪಣ್ಣ. "ಈಗ ಸಿಗ್ತದಲ್ಲ, ತ್ರೀ ಫಿಫ್ಟೀನ್ ತೋಟೆ, ಅದು ಇದಕ್ಕೆ ಹಿಡಿಯೋ ಹಾಗೆ ಮಾಡಿಕೊಡಿ. ಈ ಸಲ ಕೈಲ್ ಮುಹೂರ್ತಕ್ಕೆ ಮೊದಲ ತೆಂಗಿನಕಾಯಿಗೆ ನಾನು ಇದರಲ್ಲೇ ಹೊಡಿಬೇಕು."

ಕೈಲ್ ಮುಹೂರ್ತ ನಿಮಗೆ ಗೊತ್ತಲ್ಲ, ಸೆಪ್ಟೆಂಬರಿನಲ್ಲಿ ನಾಟಿ ಮುಗಿದ ಮೇಲೆ ಕತ್ತಿ, ನೇಗಿಲು, ಕೋವಿಗಳಿಗೆ ಪೂಜೆ ಮಾಡಿ, ನಳಿಗೆಯ ಬಾಯಿಗೆ ಕೋವಿ ಹೂ ಎನ್ನುವ ಕೆಂಪು-ಹಳದಿ ಕಾಡುಹೂವನ್ನು ಸಿಕ್ಕಿಸಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಹಬ್ಬ.

ಅಕ್ಕ ಆಗಲ್ಲ ಅಂದರು.

"ಅಣ್ಣ, ಇದು ಚಪ್ಪಲಿ ಸೈಜ್ ಬದಲಾಯಿಸಿದಂಗಲ್ಲ. ಕಬ್ಬಿಣಕ್ಕೆ ತೊಂಬತ್ತು ವರ್ಷ. ಒಳಗೆ ಕೂದಲೆಳೆಯಷ್ಟು ಬಿರುಕಿದ್ರೂ ನಿಮ್ಮ ಮುಖಕ್ಕೆ ಹಾರುತ್ತೆ. ಗೋಡೆಗೆ ಹಾಕಿ, ಪೂಜೆ ಮಾಡಿ, ಸಾಕು."

"ಗೋಡೆಗೆ ಹಾಕ್ಲಿಕ್ಕೆ ಕ್ಯಾಲೆಂಡರ್ ಉಂಟು."

ಹೀಗೆ ಮೂರು ಸಲ ಬಂದರು, ಮೂರು ಸಲ ಕಳಿಸಿದರು. ನಾಲ್ಕನೇ ಸಲ ಕುಶಾಲಪ್ಪಣ್ಣ ಮಾತೇ ಆಡದೆ ಸ್ಟೂಲಿನ ಮೇಲೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತರು. ಅಕ್ಕ ಸೋತು, ನೋಡೋಣ, ಪರೀಕ್ಷೆ ಮಾಡಿದ ಮೇಲೆ ಹೇಳ್ತೀನಿ, ಅನುಮತಿ ಕಾಗದ ಮಾತ್ರ ನೀವೇ ತರಬೇಕು ಅಂದರು. ಕಬ್ಬಿಣ ಗಟ್ಟಿ ಇತ್ತು. ಕಾಗದವೂ ಬಂತು. ಆಗ ಅಕ್ಕ ಅವರನ್ನು ಎದುರಿಗೆ ಕೂರಿಸಿಕೊಂಡು ಒಂದು ಮಾತು ಹೇಳಿದರು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

"ತೋಟೆ ಕೂರೋ ಗೂಡು ಈಗ ಸಪೂರ ಇದೆ. ಅದನ್ನ ನಾನು ಅಗಲ ಮಾಡ್ತೀನಿ. ಆಮೇಲೆ ಹೊಸ ತೋಟೆ ಬಿಗಿಯಾಗಿ ಕೂತ್ಕೊಳುತ್ತೆ. ಆದ್ರೆ ಹಳೇ ತೋಟೆ ಹಾಕಿದ್ರೆ ಅದೂ ಒಳಗೆ ಹೋಗ್ಬಿಡುತ್ತೆ ಕಣಣ್ಣ. ಅದೇ ಕಷ್ಟ. ಹೋಗುತ್ತೆ, ಕೂರಲ್ಲ. ಸುತ್ತ ಜಾಗ ಬಿಡುತ್ತೆ. ಹೊಡೆದ್ರೆ ಹಿತ್ತಾಳೆ ಹರಿದು ಬೆಂಕಿ ಎಲ್ಲ ಹಿಂದಕ್ಕೆ ಬರುತ್ತೆ. ಹಿಂದೆ ಏನಿರುತ್ತೆ?"

"ಎಂತ ಇರ್ತದೆ?"

"ನಿಮ್ಮ ಮುಖ."

ಕುಶಾಲಪ್ಪಣ್ಣ ಮೀಸೆ ಸವರಿಕೊಂಡರು.

"ಅದಕ್ಕೇ ಹಳೇ ತೋಟೆ ಒಂದೂ ಮನೇಲಿ ಇರಬಾರದು. ಇದ್ದಿದ್ದೆಲ್ಲ ತಂದು ಠಾಣೆಗೆ ಒಪ್ಪಿಸಿ. ಆಮೇಲೇ ನಾನು ಲೇತಿಗೆ ಕೈ ಹಾಕೋದು."

ಮರುದಿನವೇ ನಾಲ್ಕು ಹಳೆ ತೋಟೆ ಬಂತು. ಹಸಿರು ಹಿಡಿದಿದ್ದ ನಾಲ್ಕನ್ನೂ ಅಕ್ಕನಿಗೆ ತೋರಿಸಿ, ಠಾಣೆಗೆ ಕೊಟ್ಟು, ರಸೀದಿ ತಂದರು. ಅಕ್ಕ ಎರಡೆರಡು ಸಲ ಕೇಳಿದರು, ಇನ್ನೂ ಇದೆಯಾ ಅಂತ. "ಕಾವೇರಮ್ಮನ ಆಣೆ, ಇನ್ನು ತೋಟೆ ಇಲ್ಲ," ಅಂದರು ಕುಶಾಲಪ್ಪಣ್ಣ. ಆ ಮನುಷ್ಯ ಕಾವೇರಮ್ಮನ ಮೇಲೆ ಸುಳ್ಳು ಆಣೆ ಇಡುವವರಲ್ಲ. ಅಕ್ಕನಿಗೂ ಅದು ಗೊತ್ತು. ಕೆಲಸ ಶುರುವಾಯಿತು.

ಎರಡು ತಿಂಗಳು ಹಿಡಿಯಿತು. ಲೇತಿನ ಮುಂದೆ ನಿಂತರೆ ಅಕ್ಕ ಮಾತಾಡುವುದಿಲ್ಲ, ಉಸಿರು ಕೂಡ ಎಣಿಸಿ ಬಿಡುತ್ತಾರೆ. ಒಂದು ಸುತ್ತು ಕೊರೆಯುವುದು, ನಿಲ್ಲಿಸುವುದು, ಒರೆಸುವುದು, ಅಳೆಯುವುದು. ಮತ್ತೆ ಒಂದು ಸುತ್ತು. ಕಬ್ಬಿಣವನ್ನು ತೆಗೆಯಬಹುದು, ವಾಪಸ್ ಹಾಕಲಾಗುವುದಿಲ್ಲ ಎಂಬುದು ಅವರ ಅಪ್ಪನ ಮಾತಂತೆ. ಆಗಸ್ಟ್ ಕೊನೆಯಲ್ಲಿ ಪರೀಕ್ಷೆಯ ದಿನ ಬಂತು. ಊರಾಚೆಯ ಹಳೇ ಕಲ್ಲುಕೋರೆಯಲ್ಲಿ ಲಾರಿ ಟಯರಿಗೆ ಕೋವಿಯನ್ನು ಬಿಗಿದು ಕಟ್ಟಿದರು. ಕುಶಾಲಪ್ಪಣ್ಣನಿಗೆ ತಡೆಯಲಾಗಲಿಲ್ಲ.

"ನನ್ನ ಅಜ್ಜನ ಕೋವಿನ ಟಯರಿಗೆ ಕಟ್ಟುದಾ? ನಾನು ಹೆಗಲಿಗೆ ಇಟ್ಟೇ ಹೊಡಿತೇನೆ."

"ಟಯರ್ ಹೋದ್ರೆ ಬೇರೆ ಸಿಗುತ್ತೆ ಅಣ್ಣ. ನಿಮ್ಮ ಸೈಜಿನ ಹೆಗಲು ಎಲ್ಲಿ ತರಲಿ?"

ಗೋಡೆಯ ಹಿಂದೆ ಕೂತು ಅಕ್ಕ ಹಗ್ಗ ಎಳೆದರು. ಕೋರೆಯೆಲ್ಲ ಗುಡುಗಿತು. ಎದ್ದು ಹೋಗಿ, ಖಾಲಿ ಹಿತ್ತಾಳೆಯನ್ನು ಹೊರತೆಗೆದು, ಭೂತಗನ್ನಡಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಉಬ್ಬಿಲ್ಲ, ಗೀರಿಲ್ಲ. ಹೀಗೆ ಐದು ಸಲ. ಐದನೆಯದು ಮುಗಿದಾಗ ಅವರ ಸೆರಗೆಲ್ಲ ಬೆವರಿನಿಂದ ಒದ್ದೆ. ಹೊಸ ಅಳತೆಯ ಗುರುತನ್ನು ನಳಿಗೆಯ ಮೇಲೆ ಕೆತ್ತಿ, ಹಳೆಯದರ ಮೇಲೆ ಅಡ್ಡಗೆರೆ ಹಾಕಿ, ಕೋವಿಯನ್ನು ಕುಶಾಲಪ್ಪಣ್ಣನ ಕೈಗೆ ಕೊಟ್ಟರು. ಕುಶಾಲಪ್ಪಣ್ಣ ಹಬ್ಬಕ್ಕೆ ಬರಲೇಬೇಕು ಎಂದು ಕೈ ಹಿಡಿದು ಕರೆದರು.

ಹಬ್ಬದ ದಿನ ಅಕ್ಕ ಬಸ್ಸಿಳಿದು ಕುಶಾಲಪ್ಪಣ್ಣನ ಐನ್‌ಮನೆಗೆ, ಅಂದರೆ ಕುಟುಂಬದ ಮೂಲ ಮನೆಗೆ, ಬರುವಾಗ ಹನ್ನೊಂದು ಗಂಟೆ ದಾಟಿತ್ತು. ಪೂಜೆ ಮುಗಿದು, ಗಂಡಸರೆಲ್ಲ ಕೋವಿ ಹೊತ್ತು ಕೆಳಗಿನ ಮೈದಾನಕ್ಕೆ ಇಳಿದಿದ್ದರು. ಅಂಗಳದಿಂದ ನೋಡಿದರೆ ಮೈದಾನ ಕಾಣುತ್ತದೆ, ಆಚೆ ಬದಿಯ ದಿಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಯೂ ಕಾಣುತ್ತದೆ. ವಾಲಗ ಊದುತ್ತಿತ್ತು. ಒಳಗೆ ಹಂದಿ ಕರಿ ಘಮಘಮ. ಕುಶಾಲಪ್ಪಣ್ಣನ ಹೆಂಡತಿ ಸರೋಜಮ್ಮ ಅಕ್ಕನಿಗಾಗಿ ಬೇರೆ ಪಾತ್ರೆಯಲ್ಲಿ ಕಡುಬು, ಕುಂಬಳಕಾಯಿ ಪಲ್ಯ ತೆಗೆದಿಟ್ಟಿದ್ದರು.

"ಕೂತ್ಕೊಳ್ಳಿ ಮಂಗಳಕ್ಕ, ಬಿಸಿ ಉಂಟು."

ನಾನೂ ಗಾನವಿಯೂ ಪಕ್ಕದಲ್ಲೇ ಎಲೆ ಹಾಸುತ್ತಿದ್ದೆವು. ಅಕ್ಕ ಕೂರುವ ಮೊದಲು ಪೂಜೆಯ ಜಾಗಕ್ಕೆ ಕೈ ಮುಗಿಯಲು ಹೋದರು. ಕತ್ತಿಗಳು, ಅಕ್ಕಿ, ದೀಪ, ಉದುರಿದ ಕೋವಿ ಹೂ. ನಡುವೆ ಒಂದು ಚಿಕ್ಕ ಹಿತ್ತಾಳೆ ಕರಡಿಗೆ, ಮುಚ್ಚಳ ತೆರೆದಿತ್ತು. ಒಳಗಿನ ಕೆಂಪು ಬಟ್ಟೆಯಲ್ಲಿ ಬೆರಳುದ್ದದ ಗುಳಿ. ಏನೋ ಬಹಳ ವರ್ಷ ಅಲ್ಲೇ ಮಲಗಿದ್ದ ಗುರುತು. ಅದರ ಸುತ್ತ ಕುಂಕುಮ.

ಅಕ್ಕ ಕೈ ಮುಗಿದವರು ಹಾಗೇ ನಿಂತರು.

"ಸರೋಜಮ್ಮ, ಇದರೊಳಗೆ ಏನಿತ್ತು?"

"ಅದಾ? ಅಜ್ಜ ಅಲ್ವಾ."

"ಅಜ್ಜ ಅಂದ್ರೆ?"

"ಇವರ ಅಜ್ಜ ಕಡೇ ಸಲ ಬೇಟೆಗೆ ಹೋಗಿ ಹೊಡಿಯದೆ ವಾಪಸ್ ತಂದ ತೋಟೆ. ಆ ವಾರವೇ ತೀರಿಕೊಂಡದ್ದು. ಅವತ್ತಿಂದ ಅಜ್ಜನ ಹೆಸರಲ್ಲಿ ವರ್ಷ ವರ್ಷ ಪೂಜೆ ಮಾಡುದು. ಈಗ ಕೋವಿ ಸರಿ ಆಯ್ತಲ್ಲ, ಮೊದಲ ಗುಂಡು ಅಜ್ಜಂದೇ ಹೋಗ್ಲಿ ಅಂತ ಇವರು ಕಿಸೆಗೆ ಹಾಕ್ಕೊಂಡು…"

ಸರೋಜಮ್ಮ ಮಾತು ಮುಗಿಸಲಿಲ್ಲ. ಅಕ್ಕ ಅಂಗಳ ದಾಟಿ ಆಗಿತ್ತು.

ಚಪ್ಪಲಿ ಹಾಕಲಿಲ್ಲ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಐವತ್ತೊಂದು ವರ್ಷದ, ಒಂದು ಮೊಣಕಾಲು ನೋವಿರುವ ಹೆಂಗಸು, ಆ ಜಾರುವ ಮೆಟ್ಟಿಲುಗಳನ್ನು ಎರಡೆರಡು ಹಾರಿ ಇಳಿದರು. ನಾವು ಹಿಂದೆ ಓಡಿದೆವು. "ಅಣ್ಣಾ! ಕುಶಾಲಪ್ಪಣ್ಣಾ!" ಎಂದು ಕೂಗಿದರು. ವಾಲಗದ ಅಬ್ಬರದಲ್ಲಿ ನಮಗೇ ಸರಿಯಾಗಿ ಕೇಳಲಿಲ್ಲ. ಕುಶಾಲಪ್ಪಣ್ಣನಿಗೆ ಮೊದಲೇ ಎಡಕಿವಿ ಮಂದ. ಗಾನವಿ ಫೋನ್ ತೆಗೆದು ಸ್ಪರ್ಧೆ ನಡೆಸುತ್ತಿದ್ದ ಮಿಲನ್‌ಗೆ ಹಚ್ಚಿದಳು. ರಿಂಗ್ ಆಯಿತು, ಆಗುತ್ತಲೇ ಇತ್ತು. ಮಿಲನ್ ಕೈಯಲ್ಲಿ ಮೈಕ್ ಇತ್ತು. "ಈಗ ನಮ್ಮ ಹಿರಿಯರು, ನಮ್ಮ ಕುಶಾಲಪ್ಪ ಮಾವ, ಮೊದಲನೇ ಗುಂಡು…" ಎನ್ನುತ್ತಿದ್ದ. ಜನ ಚಪ್ಪಾಳೆ ತಟ್ಟಿದರು.

ಮೆಟ್ಟಿಲ ಮೇಲಿನಿಂದ ನನಗೆ ಎಲ್ಲ ಕಂಡಿತು. ಕುಶಾಲಪ್ಪಣ್ಣ ನಳಿಗೆಯ ಹೂ ತೆಗೆದು ಕಿವಿಗೆ ಸಿಕ್ಕಿಸಿಕೊಂಡರು. ಹಬ್ಬದ ನಿಲುವಂಗಿ ಕುಪ್ಪಸದ ಒಳಗಿಂದ ಏನೋ ತೆಗೆದು ಕಣ್ಣಿಗೆ ಒತ್ತಿಕೊಂಡರು. ಬೋಲ್ಟ್ ಹಿಂದಕ್ಕೆ, ಮುಂದಕ್ಕೆ. ಸಲೀಸಾಗಿ ಹೋಯಿತು. ಸಲೀಸಾಗಿಯೇ ಹೋಗುತ್ತದೆ, ಅಕ್ಕ ಹೇಳಿದ್ದು ಅದೇ ಅಲ್ಲವೇ. ಕೋವಿ ಹೆಗಲಿಗೇರಿತು. ಕೆನ್ನೆ ಕೋವಿಯ ಹಿಂಬದಿಯ ಮರಕ್ಕೆ ತಾಗಿತು.

ಅರವತ್ತು ವರ್ಷ ದಾಟಿದ ಮದ್ದು, ಬೆಂಕಿ ಹಿಡಿಯದೆಯೂ ಇರಬಹುದು. ಹಿಡಿದರೆ?

ಎದುರಿನಿಂದ ಯಾರೂ ಹೋಗುವ ಹಾಗಿಲ್ಲ, ಅದು ಗುಂಡಿನ ದಾರಿ. ಅಕ್ಕ ಎದುರಿಗೆ ಹೋಗಲಿಲ್ಲ. ಅಡ್ಡ ಕಟ್ಟಿದ್ದ ಹಗ್ಗದ ಕೆಳಗೆ ನುಗ್ಗಿ, "ಏ ಏ, ಯಾರದು, ಲೇಡೀಸ್ ಆ ಕಡೆ!" ಎಂದು ಮಿಲನ್ ಮೈಕಿನಲ್ಲೇ ಬೊಬ್ಬೆ ಹೊಡೆಯುತ್ತಿರುವಾಗ, ಹಿಂದಿನಿಂದ, ಬಲಗಡೆಯಿಂದ ಹೋದರು. ಭುಜ ಎಳೆಯಲಿಲ್ಲ, ಬೆಚ್ಚಿದರೆ ಬೆರಳು ಬಿಗಿಯುತ್ತದೆ. ಕೈ ಚಾಚಿ ಬೋಲ್ಟಿನ ಹಿಡಿಯನ್ನು ಅಂಗೈಯಿಂದ ಮೇಲಕ್ಕೆತ್ತಿದರು. ಅಷ್ಟೇ. ಹಿಡಿ ಎದ್ದ ಮೇಲೆ ಆ ಕೋವಿ ಹೊಡೆಯುವುದಿಲ್ಲ. ಕೋವಿಯ ಕುದುರೆ, ಅಂದರೆ ಟ್ರಿಗರ್, ಎಳೆದ ಟಕ್ ಎಂಬ ಸದ್ದು ಬಂತು. ಎಳೆದದ್ದು ಹಿಡಿ ಎದ್ದ ಮೇಲೆ. ಎಷ್ಟು ಹೊತ್ತಿನ ಮೇಲೆ ಎಂದು ಕೇಳಬೇಡಿ, ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ವಾಲಗ ನಿಂತಿತು. ಕುಶಾಲಪ್ಪಣ್ಣ ತಿರುಗಿದರು. ಮುಖ ಕೆಂಡ.

"ಎಂತ ಮಾಡಿದ್ದು ನೀವು? ನಮ್ಮ ಮನೆಯಲ್ಲಿ ಪೂಜೆ ಕೋವಿ ಎತ್ತಿದ ಮೇಲೆ ಹೊಡಿಯದೆ ಇಳಿಸುವ ಕ್ರಮ ಇಲ್ಲ! ಊರಿನವರ ಎದುರು…"

ಅಕ್ಕ ನಳಿಗೆಯನ್ನು ನೆಲದ ಕಡೆಗೆ ತಿರುಗಿಸಿ, ಬೋಲ್ಟ್ ಹಿಂದಕ್ಕೆಳೆದು, ಆ ತೋಟೆಯನ್ನು ತೆಗೆದರು. ಕುಂಕುಮ, ಗಂಧ. ಕುಶಾಲಪ್ಪಣ್ಣನ ಸೊಂಟದ ಪಟ್ಟಿಯಿಂದ ಹೊಸ ತೋಟೆ ಒಂದನ್ನು ಎಳೆದು ಎರಡನ್ನೂ ಅಂಗೈ ಮೇಲೆ ಜೊತೆಯಾಗಿ ನಿಲ್ಲಿಸಿದರು. ಒಂದು ಸಪೂರ, ಒಂದು ದಪ್ಪ. ಮಕ್ಕಳಿಗೂ ಕಾಣುವಷ್ಟು ವ್ಯತ್ಯಾಸ.

"ಆಣೆ ಇಟ್ಟಿದ್ರಲ್ಲ ಅಣ್ಣ," ಅಂದರು ಕಡೆಗೆ. "ತೋಟೆ ಇಲ್ಲ ಅಂತ."

ಕುಶಾಲಪ್ಪಣ್ಣ ಅಂಗೈಯನ್ನೇ ನೋಡುತ್ತ ನಿಂತರು. ಸಿಟ್ಟು ಇಳಿದು ಬೇರೆ ಏನೋ ಬಂತು ಮುಖಕ್ಕೆ.

"ನಾನು ಸುಳ್ಳು ಹೇಳಲಿಲ್ಲ ಮಂಗಳಮ್ಮ. ಅದು ತೋಟೆ ಅಲ್ಲ. ಅದು ಅಜ್ಜ."

"ನಿಮಗೆ ಅಜ್ಜ ಕಣಣ್ಣ. ಕೋವಿಗೆ ಹೆಂಗೆ ಗೊತ್ತಾಗಬೇಕು?"

ಯಾರೂ ನಗಲಿಲ್ಲ. ಮಿಲನ್ ಮೈಕ್ ಆಫ್ ಮಾಡಿದ. ಕುಶಾಲಪ್ಪಣ್ಣ ಕೋವಿಯನ್ನು ಕೆಳಗಿಡಲೂ ಒಲ್ಲರು, ಅಕ್ಕ ಕೊಟ್ಟ ಹೊಸ ತೋಟೆ ಹಾಕಲೂ ಒಲ್ಲರು. ಪೂಜೆ ಆಗದ ತೋಟೆಯಲ್ಲಿ ಮೊದಲ ಗುಂಡು ಹೊಡೆಯುವುದು ಹೇಗೆ? ಎತ್ತಿದ ಕೋವಿಯನ್ನು ಹೊಡೆಯದೆ ಒಳಗೆ ಒಯ್ಯುವುದು ಹೇಗೆ? ಮುನ್ನೂರು ಜನ ನೋಡುತ್ತಿದ್ದಾರೆ. ಅಷ್ಟರಲ್ಲಿ ಸರೋಜಮ್ಮ ಏದುಸಿರು ಬಿಡುತ್ತ ಇಳಿದು ಬಂದರು. ವಿಷಯ ಗಾನವಿ ಹೇಳಿದಳು. ಸರೋಜಮ್ಮ ಗಂಡನನ್ನು ಒಮ್ಮೆ ನೋಡಿ, ತಮ್ಮ ಹಣೆಯ ಕುಂಕುಮವನ್ನು ಬೆರಳಿನಿಂದ ತೆಗೆದು, ಹೊಸ ತೋಟೆಗೆ ಒತ್ತಿದರು.

"ಇಕೊಳ್ಳಿ. ಪೂಜೆ ಆತ್. ಇನ್ನ್ ಹೊಡೆರಿ."

ಅಕ್ಕ ಗೂಡನ್ನೂ ನಳಿಗೆಯನ್ನೂ ಬೆಳಕಿಗೆ ಹಿಡಿದು ನೋಡಿ, ತೋಟೆಯ ಮೇಲಿನ ಕುಂಕುಮವನ್ನು ಚೂರೂ ಉಳಿಯದಂತೆ ಸೆರಗಿನಿಂದ ಒರೆಸಿ ಕೊಟ್ಟರು. "ಒತ್ತಿದ್ದು ಒತ್ತಿದ್ದೇ. ಒರೆಸಿದ್ರೆ ಪೂಜೆ ಹೋಗಲ್ಲ," ಅಂದರು. ಕುಶಾಲಪ್ಪಣ್ಣ ಹಾಕಿದರು. ಈ ಸಲ ಬೋಲ್ಟ್ ಬಿಗಿಯಾಗಿ ಕೂತಿತು. ಗುಂಡು ಸಿಡಿಯಿತು, ದಿಬ್ಬಕ್ಕೆ ದಿಬ್ಬವೇ ಮಾರ್ದನಿ ಕೊಟ್ಟಿತು, ತೆಂಗಿನಕಾಯಿ ಮಾತ್ರ ಅಲ್ಲಾಡದೆ ಹಾಗೇ ಇತ್ತು. ಒಂದು ಮೊಳ ಆಚೆ ಮಣ್ಣು ಹಾರಿತು.

"ಕೋವಿ ಸರಿ ಉಟ್ಟು," ಅಂದರು ಕುಶಾಲಪ್ಪಣ್ಣ ನಿಧಾನಕ್ಕೆ. ಅರೆಭಾಷೆಯಲ್ಲಿ ಉಟ್ಟು ಎಂದರೆ ಉಂಟು. "ಕಣ್ಣೇ ಸರಿ ಇಲ್ಲೆ."

"ಕಣ್ಣ್ ಉಟ್ಟಲ್ಲ, ಅದೇ ಸಾಕ್," ಅಂದರು ಸರೋಜಮ್ಮ. ಆಗ ನಕ್ಕರು ನೋಡಿ ಜನ, ವಾಲಗದವರೂ ಸೇರಿ.

ಊಟದ ಹೊತ್ತಿಗೆ ಕುಶಾಲಪ್ಪಣ್ಣ ಆ ಕರಡಿಗೆಯನ್ನು ತಂದು ಅಕ್ಕನ ಎಲೆಯ ಪಕ್ಕ ಇಟ್ಟರು. ಠಾಣೆಗೆ ಕೊಡಲು ಮನಸ್ಸು ಬರುತ್ತಿಲ್ಲ ಎಂದರು. ಅಕ್ಕ ಕಡುಬು ಮುರಿಯುತ್ತ, "ನಾಳೆ ಇಬ್ರೂ ಠಾಣೆಗೆ ಹೋಗಿ ಹೇಳಿಬರೋಣ. ಅವರು ಹೂಂ ಅಂದ್ರೆ ಮದ್ದು ತೆಗೆದು ಬರೀ ಹಿತ್ತಾಳೆ ಮಾಡಿ ಕೊಡ್ತೀನಿ. ಆಮೇಲೆ ಅಜ್ಜನ್ನ ಎಷ್ಟು ವರ್ಷ ಬೇಕಾದ್ರೂ ಕೂರಿಸ್ಕೊಳ್ಳಿ," ಅಂದರು. ಹಾಗೇ ಆಯಿತು. ಅವತ್ತಿನಿಂದ ಅಕ್ಕನ ಅಂಗಡಿಯಲ್ಲಿ ಒಂದು ಹೊಸ ಪ್ರಶ್ನೆ ಸೇರಿದೆ. ಹಳೇ ತೋಟೆ ಇದೆಯಾ ಎಂದು ಕೇಳಿದ ಮೇಲೆ, "ದೇವರ ಕೋಣೇಲಿ?" ಎಂದು ಇನ್ನೊಮ್ಮೆ ಕೇಳುತ್ತಾರೆ. ಹತ್ತರಲ್ಲಿ ಮೂವರು ತಲೆ ಕೆರೆದುಕೊಳ್ಳುತ್ತಾರಂತೆ!

ನೀವು ಮಡಿಕೇರಿಗೆ ಬಂದರೆ ಚಾಕೊಲೇಟ್ ಕೊಂಡು ಹಾಗೇ ಹೋಗಬೇಡಿ. ಪಕ್ಕದ ಬಾಗಿಲಿಗೆ ಒಮ್ಮೆ ಹೋಗಿ. ಸೋಮವಾರ ಬೇಡ, ಅಂಗಡಿ ಮುಚ್ಚಿ ದೇವಸ್ಥಾನಕ್ಕೆ ಹೋಗಿರುತ್ತಾರೆ. ಲೇತ್ ಓಡುತ್ತಿದ್ದರೆ ಮಾತಾಡಿಸಬೇಡಿ, ಸ್ಟೂಲ್ ಮೇಲೆ ಸುಮ್ಮನೆ ಕೂರಿ. ನಿಲ್ಲಿಸಿದ ಮೇಲೆ ಅವರೇ ಕಾಫಿ ತರಿಸುತ್ತಾರೆ. ಹೋಗಿ, ಕೇಳಿ, ಮಾತಾಡಿಸಿ ಬನ್ನಿ.